ನಲವತ್ತರಲ್ಲಿ ಹತ್ತು

ಜೂನ್ ೨

ಪ್ರೀತಿಯ ಅತ್ತಿಗೆ,

ಈ ಪೊಟ್ಟಣದಲ್ಲಿ ಅಮ್ಮನ ಎದೆಯ ಮಾತ್ರೆ ಇದೆ. ಆರು ಪಟ್ಟಿ, ಪಟ್ಟಿಗೆ ಹತ್ತರಂತೆ ಒಟ್ಟು ಅರವತ್ತು. ಈ ಸಲ ಕಂಪನಿ ಬೇರೆಯಾದ್ದರಿಂದ ಬಣ್ಣವೂ ಬೇರೆ. ಮೊದಲಿನದು ಬಿಳಿ, ಇದು ತಿಳಿನೀಲಿ. ಗಾಬರಿಯಾಗಬೇಡಿ, ಒಳಗಿರುವ ಮದ್ದು ಅದೇ. ಎಂದಿನಂತೆ ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು. ಒಂದು ದಿನ ಮರೆತರೆ ಮರುದಿನ ಎರಡು ಕೊಡಬೇಡಿ.

ನಿಮ್ಮ ಬೀದಿಯ ಔಷಧದ ಅಂಗಡಿಯಲ್ಲಿ ಕೊಳ್ಳುವುದು ಬೇಡ ಎಂದು ಮತ್ತೊಮ್ಮೆ ಹೇಳುತ್ತಿದ್ದೇನೆ. ಅವನು ಬಿಸಿಲಿಗೆ ಇಟ್ಟ ಡಬ್ಬಿಯಿಂದ ತೆಗೆದು ಕೊಡುವವನು. ಹದಿನಾಲ್ಕು ವರ್ಷದಿಂದ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ನಿಂತಿದ್ದೇನೆ. ನನ್ನ ಕೈ ದಾಟಿ ಬಂದದ್ದನ್ನು ಕಣ್ಣು ಮುಚ್ಚಿ ಕೊಡಬಹುದು.

ಕಳೆದ ಪತ್ರದಲ್ಲಿ ನೀವು "ಅತ್ತೆ ಸ್ವಲ್ಪ ಊಟ ಮಾಡ್ತಾರೆ, ಸ್ವಲ್ಪ ಓಡಾಡ್ತಾರೆ" ಎಂದು ಬರೆದಿದ್ದಿರಿ. ಸ್ವಲ್ಪ ಎಂದರೆ ನನಗೆ ಏನೂ ತಿಳಿಯುವುದಿಲ್ಲ ಅತ್ತಿಗೆ. ಬಡಿಸಿದ್ದರಲ್ಲಿ ಅರ್ಧವೇ, ಕಾಲೇ? ಬೀದಿಯ ಉದ್ದದಲ್ಲಿ ಎಷ್ಟು ಭಾಗ ನಡೆದರು? ಹಾಗೆ ಬರೆಯಿರಿ. ಅಣ್ಣ ನನ್ನನ್ನು ಚಿಕ್ಕಂದಿನಿಂದ ತಕ್ಕಡಿ ಎಂದು ಕರೆಯುವುದು ಸುಮ್ಮನೆ ಅಲ್ಲ.

ಇಲ್ಲಿ ನನ್ನ ಮನೆಯ ಹಿಂದಿನ ಕೋಣೆ ಖಾಲಿ ಇದೆ. ಹೊಸ ಮಂಚ ತಂದಿದ್ದೇನೆ. ಆಸ್ಪತ್ರೆ ಹತ್ತು ನಿಮಿಷದ ದಾರಿ. ಅಮ್ಮನನ್ನು ಇನ್ನೊಮ್ಮೆ ಕೇಳಿ ನೋಡಿ.

ನಿಮ್ಮ
ತಕ್ಕಡಿ


ಜೂನ್ ೯

ಪುಟ್ಟಿ,

ಮಾತ್ರೆ ತಲುಪಿತು. ಹಳೆಯವು ನಿನ್ನೆಗೆ ಮುಗಿದಿದ್ದವು, ಇವತ್ತು ಬೆಳಿಗ್ಗೆಯಿಂದ ಹೊಸದು ಶುರು ಮಾಡಿದೆ. ಅತ್ತೆ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿ, "ಅಂಗಿ ಗುಂಡಿ ಇದ್ದ ಹಾಗಿದೆ ಕಣೇ, ನಿನ್ನ ಡಬ್ಬಿಯಿಂದ ತೆಗೆದು ಕೊಟ್ಟೆಯೇನು?" ಎಂದರು. ನುಂಗಿದರು.

ನೀನು ಕೇಳಿದ ಲೆಕ್ಕ: ನಿನ್ನೆ ಬಡಿಸಿದ್ದರಲ್ಲಿ ಮುಕ್ಕಾಲು ತಿಂದರು. ಬೀದಿಯಲ್ಲಿ ಅರ್ಧ ನಡೆದು, ಟೀಚರಮ್ಮನ ಮನೆ ಎದುರಿನ ಕಟ್ಟೆಯ ಮೇಲೆ ಕೂತು, ಉಳಿದರ್ಧವನ್ನು ಬಾಯಲ್ಲೇ ನಡೆದು ಬಂದರು. ಇದಕ್ಕೆ ಎಷ್ಟು ಭಾಗ ಎಂದು ಬರೆದುಕೊಳ್ಳುತ್ತೀಯೋ ನಿನಗೆ ಬಿಟ್ಟಿದ್ದು.

ನಿನ್ನ ಮನೆಗೆ ಬರುವ ಮಾತು ಎತ್ತಿದೆ. "ಅವಳು ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರ್ತಾಳೆ, ನಾನೇನು ಅವಳ ಹೊಸ ಮಂಚದ ಜೊತೆ ಮಾತಾಡಲಾ?" ಎಂದರು. ಮಾತು ನನ್ನದಲ್ಲ, ಅವರದೇ. ನಾನು ಹೇಳಿಕೊಟ್ಟೆ ಎಂದು ಮಾತ್ರ ತಿಳಿಯಬೇಡ.

ನಿನ್ನಣ್ಣ ದೂರದ ಬಸ್ಸಿಗೆ ಡ್ಯೂಟಿ ಹಾಕಿಸಿಕೊಂಡಿದ್ದಾರೆ. ನಾಲ್ಕು ದಿನಕ್ಕೊಮ್ಮೆ ಮನೆ. ನನಗೆ ಶಾಲೆಯ ಸಮವಸ್ತ್ರದ ಕೆಲಸ, ನೂರಿಪ್ಪತ್ತು ಬಿಳಿ ಅಂಗಿ. ಕಾಲು ಮೆಷಿನ್ ಮೇಲೆ, ಕಿವಿ ಅತ್ತೆಯ ಕೋಣೆಯ ಕಡೆ.

ಅತ್ತಿಗೆ


ಜೂನ್ ೨೦

ಅತ್ತಿಗೆ,

ಹನ್ನೊಂದು ದಿನವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ನಿಮ್ಮನ್ನು ಕರೆಸಲು ಬೀದಿ ಕೊನೆಯ ಅಂಗಡಿಗೆ ಮೂರು ಸಲ ಫೋನ್ ಮಾಡಿದೆ. ಎರಡು ಸಲ "ಆಮೇಲೆ ಕರೀತೀನಿ" ಎಂದ, ಮೂರನೇ ಸಲ ಇಟ್ಟೇಬಿಟ್ಟ.

ನಿಮ್ಮ ಬೀದಿಯ ಟೀಚರಮ್ಮ ಬೇರೆ ಏನೋ ಬರೆಯಲು ಹೋಗಿ ಎರಡು ವಿಷಯ ಬರೆದಿದ್ದಾರೆ. ಒಂದು, ವಾರದಿಂದ ಅಮ್ಮ ಹೊರಗೆ ಕಾಣಿಸಿಕೊಂಡಿಲ್ಲ. ಎರಡು, ನಿಮ್ಮ ಹೊಲಿಗೆ ಮೆಷಿನ್ ಈಗ ಅಮ್ಮನ ಕೋಣೆಯಲ್ಲಿದೆ.

ಆ ಮನೆಯಲ್ಲಿ ಒಳ್ಳೆಯ ಬೆಳಕು ಬರುವುದು ಆ ಒಂದು ಕಿಟಕಿಗೆ ಎಂದು ನನಗೆ ಗೊತ್ತು. ಮದುವೆಯಾಗಿ ಬಂದ ವರ್ಷವೇ ನೀವು "ಈ ಕೋಣೆ ನನಗೆ ಸಿಕ್ಕಿದ್ದರೆ ಕಣ್ಣು ಇನ್ನಷ್ಟು ದಿನ ಬರುತ್ತಿತ್ತು" ಎಂದು ಹೇಳಿದ್ದೂ ನೆನಪಿದೆ. ತಮಾಷೆಗೆ ಹೇಳಿದ್ದಿರಬಹುದು. ಹೃದಯದ ಕಾಯಿಲೆಯವರ ತಲೆಯ ಹತ್ತಿರ ಇಡೀ ದಿನ ಮೆಷಿನ್ ಕಟಕಟ ಎನ್ನಬೇಕೇ? ಅಮ್ಮ ಎಲ್ಲಿ ಮಲಗುತ್ತಿದ್ದಾರೆ? ಮಾತ್ರೆ ದಿನವೂ ಕೊಡುತ್ತಿದ್ದೀರಾ?

ದಯವಿಟ್ಟು ಬೇಗ ಬರೆಯಿರಿ.

ತಕ್ಕಡಿ


ಜೂನ್ ೨೭

ಪುಟ್ಟಿ,

ಅತ್ತೆ ಆರಾಮವಾಗಿದ್ದಾರೆ. ಅವರ ಮಂಚದ ಮೇಲೆ, ಅವರ ಕೋಣೆಯಲ್ಲೇ ಮಲಗುತ್ತಾರೆ. ಮೆಷಿನ್ ಅಲ್ಲಿಗೆ ತಂದದ್ದು ನಿಜ. ನನಗೆ ಬೇಕೆನಿಸಿತು, ತಂದೆ.

ನಿನ್ನನ್ನು ನಾಲ್ಕು ಮಾತು ಕೇಳುವುದಿದೆ. ಆ ಮಾತ್ರೆಯ ಪೊಟ್ಟಣ ನೀನೇ ಕೈಯಾರೆ ಕಟ್ಟಿದ್ದೋ, ಬೇರೆ ಯಾರಾದರೂ ಕಟ್ಟಿದ್ದೋ? ಕಳಿಸುವ ಮುಂಚೆ ಪಟ್ಟಿಯ ಮೇಲೆ ಬರೆದದ್ದನ್ನು ಓದಿದೆಯಾ? ಅತ್ತೆಯನ್ನು ಕರೆದುಕೊಂಡು ಹೋಗಲೇಬೇಕು ಎಂದು ನಿನಗೆ ಈ ವರ್ಷ ಏಕೆ ಇಷ್ಟು ಹಟ? ಅವರಿಗೆ ಇಲ್ಲಿ ಏನಾದರೂ ಆದರೆ ನಿನ್ನ ಮಾತು ಗೆದ್ದಂತೆಯೇ?

ಕೊನೆಯದಕ್ಕೆ ಉತ್ತರ ಕೊಡದಿದ್ದರೂ ನಡೆಯುತ್ತದೆ. ಮೊದಲ ಎರಡಕ್ಕೆ ಕೊಡು.

ಟೀಚರಮ್ಮ ಬೇರೆ ಏನು ಬರೆಯಲು ಹೋಗಿದ್ದರು?

ಅತ್ತಿಗೆ


ಜುಲೈ ೫

ಅತ್ತಿಗೆಯವರಿಗೆ,

ನಿಮ್ಮ ಪ್ರಶ್ನೆಗಳ ಧಾಟಿ ನನಗೆ ಅರ್ಥವಾಗಲಿಲ್ಲ. ಪೊಟ್ಟಣ ನಾನೇ ಕಟ್ಟಿದ್ದು. ನಾನು ಕಳಿಸುವ ಔಷಧವನ್ನು ನಾನು ನೋಡದೆ ಕಳಿಸುತ್ತೇನೆಯೇ? ನನ್ನ ಕೆಲಸವೇ ಅದು. ದಿನಕ್ಕೆ ಮುನ್ನೂರು ಜನ ನನ್ನ ಕಿಟಕಿಗೆ ಬರುತ್ತಾರೆ. ಇವತ್ತಿನವರೆಗೆ ಒಬ್ಬರೂ ತಿರುಗಿ ಬಂದು ತಪ್ಪು ಕೊಟ್ಟೆ ಎಂದಿಲ್ಲ.

ಇರಲಿ. ಜಗಳ ಬೇಡ, ಇಬ್ಬರಿಗೂ ಬೇಕಾದದ್ದು ಅಮ್ಮನ ಆರೋಗ್ಯ. ಒಂದು ಸಣ್ಣ ಉಪಕಾರ ಮಾಡಿ. ಮುಂದಿನ ಕಂತು ಕಳಿಸಬೇಕು, ಹೆಚ್ಚು ಕಳಿಸಿದರೆ ಹಾಳಾಗುತ್ತದೆ. ಆದ್ದರಿಂದ ಜುಲೈ ಹದಿನೆಂಟರ ಬೆಳಿಗ್ಗೆ ಮಾತ್ರೆ ಕೊಟ್ಟ ಮೇಲೆ ಎಷ್ಟು ಉಳಿದಿವೆ ಎಂದು ಎಣಿಸಿ ಬರೆಯಿರಿ. ಅಷ್ಟೇ.

ಅಂಗಿಗಳ ಕೆಲಸ ಮುಗಿಯಿತೇ? ಕಣ್ಣಿಗೆ ವಿಶ್ರಾಂತಿ ಕೊಡಿ.

ನಿಮ್ಮ
ತಕ್ಕಡಿ


ಜುಲೈ ೧೮

ಪುಟ್ಟಿ,

ಎಣಿಸಿದೆ. ಒಂದು ಪಟ್ಟಿ ಪೂರ್ತಿ ಖಾಲಿ. ಐದು ಪಟ್ಟಿ ಹಾಗೇ ಇವೆ. ಐವತ್ತು.

ನೀನು ಏಕೆ ಕೇಳಿದೆ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಇಪ್ಪತ್ತು ಎಂದು ಬರೆದುಬಿಟ್ಟಿದ್ದರೆ ಈ ಪತ್ರ ಇಲ್ಲಿಗೆ ಮುಗಿಯುತ್ತಿತ್ತು, ನೀನೇನು ಬಂದು ನೋಡುತ್ತಿರಲಿಲ್ಲ. ಇರುವುದು ಐವತ್ತು, ಐವತ್ತು ಎಂದೇ ಬರೆದಿದ್ದೇನೆ.

ಅತ್ತೆ ಇವತ್ತು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದರು. ಪೂರ್ತಿ, ನಿಜವಾಗಿ ಕಾಲಲ್ಲಿ ನಡೆದು. ನಿನ್ನ ಟೀಚರಮ್ಮನನ್ನು ಕೇಳಿ ನೋಡು.

ಅತ್ತಿಗೆ


ಜುಲೈ ೨೫

ಅಣ್ಣನ ಹೆಂಡತಿಗೆ,

ಪ್ರೀತಿಯ, ಗೌರವದ ಮಾತು ಬರೆಯಲು ಕೈ ಬರುತ್ತಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಜೂನ್ ಒಂಬತ್ತರಿಂದ ಜುಲೈ ಹದಿನೆಂಟರವರೆಗೆ ನಲವತ್ತು ದಿನ. ದಿನಕ್ಕೊಂದರಂತೆ ನಲವತ್ತು ಮಾತ್ರೆ ಮುಗಿಯಬೇಕಿತ್ತು. ಅರವತ್ತರಲ್ಲಿ ಐವತ್ತು ಉಳಿದಿವೆ ಎಂದರೆ ಮುಗಿದದ್ದು ಹತ್ತು. ನಲವತ್ತರಲ್ಲಿ ಹತ್ತು. ಮೇಲಿನದನ್ನೂ ಕೆಳಗಿನದನ್ನೂ ಹತ್ತರಿಂದ ಭಾಗಿಸಿದರೆ ನಾಲ್ಕರಲ್ಲಿ ಒಂದು. ಇದಕ್ಕಿಂತ ಸರಳ ಮಾಡಲು ಬರುವುದಿಲ್ಲ. ನನ್ನ ಅಮ್ಮನ ಹೊಟ್ಟೆಗೆ ಹೋಗಬೇಕಾದ ಔಷಧದಲ್ಲಿ ಕಾಲು ಭಾಗ ಮಾತ್ರ ಹೋಗಿದೆ. ಮುಕ್ಕಾಲು ಭಾಗವನ್ನು ನೀವು ತಡೆದಿದ್ದೀರಿ.

ಕಾಯಿಲೆಯವರಿಗೆ ವಿಷ ಕೊಟ್ಟರೆ ಗೊತ್ತಾಗುತ್ತದೆ. ಔಷಧ ಕೊಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ವಯಸ್ಸಾಗಿತ್ತು ಎನ್ನುತ್ತಾರೆ. ಆಮೇಲೆ ಕಿಟಕಿ, ಬೆಳಕು, ಕೋಣೆ ಎಲ್ಲ ನಿಮ್ಮದೇ. ಮೆಷಿನ್ ಈಗಾಗಲೇ ಒಳಗೆ ಹೋಗಿ ಕೂತಿದೆ. ಅಮ್ಮ ನಡೆದಾಡುತ್ತಿದ್ದಾರೆ ಎಂಬ ಕಥೆಯನ್ನು ನಾನು ನಂಬುವುದಿಲ್ಲ.

ಈ ಲೆಕ್ಕವನ್ನೇ ಬರೆದು ಅಣ್ಣನಿಗೆ ಬಸ್ ಡಿಪೋ ವಿಳಾಸಕ್ಕೆ ಕಳಿಸಿದ್ದೇನೆ. ಆಗಸ್ಟ್ ಹತ್ತಕ್ಕೆ ಬರುತ್ತೇನೆ. ಅಮ್ಮನ ಬಟ್ಟೆ ಕಟ್ಟಿಡಿ. ಅಡ್ಡ ಬಂದರೆ ಪೊಲೀಸರ ಮುಂದೆ ಇದೇ ಲೆಕ್ಕ ಇಡುತ್ತೇನೆ.

ಅಮ್ಮನ ಮಗಳು


ಜುಲೈ ೩೧

ಪುಟ್ಟಿ,

ಇದನ್ನು ಬಸ್ಸು ಹತ್ತುವ ಮುಂಚೆ ಪೂರ್ತಿ ಓದು. ಮಧ್ಯದಲ್ಲಿ ಹರಿದು ಬಿಸಾಡಬೇಡ.

ಮೊನ್ನೆ ನಿನ್ನಣ್ಣ ಡಿಪೋದಿಂದ ಬಂದವರು ಚೀಲ ಕೆಳಗಿಡಲಿಲ್ಲ, ಬೂಟು ಬಿಚ್ಚಲಿಲ್ಲ. ನನ್ನ ಕಡೆ ನೋಡದೆ ನೇರ ಅತ್ತೆಯ ಕೋಣೆಗೆ ಹೋಗಿ, ಬೀರುವಿನ ಮೇಲಿನ ಡಬ್ಬಿ ಇಳಿಸಿ, ಪಟ್ಟಿಗಳನ್ನು ಮಂಚದ ಮೇಲೆ ಹರಡಿ ಎಣಿಸಿದರು. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಬದುಕಿದ ಮನುಷ್ಯ. ನಾನು ಬಾಗಿಲಲ್ಲಿ ನಿಂತಿದ್ದೆ. ಎಣಿಸಿ ಮುಗಿಸಿ ಕೇಳಿದರು, "ಇದೇನು ಇದು?" "ನೀವು ಎಣಿಸೋಕೆ ಮುಂಚೆ ಕೇಳಿದ್ದರೆ ಹೇಳ್ತಿದ್ದೆ," ಎಂದೆ. ಆಮೇಲೆ ಹೇಳಿದೆ. ಈಗ ನಿನಗೂ ಹೇಳುತ್ತೇನೆ. ಅತ್ತೆಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ, ಮುರಿಸಿದವಳು ನೀನು.

ಜೂನ್ ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಈ ನಾಲ್ಕು ದಿನ ನೀನು ಹೇಳಿದ ಹಾಗೆ ಒಂದೊಂದು ಮಾತ್ರೆ ಕೊಟ್ಟೆ. ಎರಡನೇ ದಿನಕ್ಕೆ ಊಟ ಬೇಡ ಎಂದರು. ಮೂರನೇ ದಿನ ಕುಡಿದ ನೀರೂ ನಿಲ್ಲಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ನಾನು ಹೊಲಿದ ಅಂಗಿಗಳನ್ನು ಅವರ ಮಂಚದ ಪಕ್ಕ ಮಡಿಸಿಡುತ್ತಿದ್ದೆ. "ಯಾಕೆ ಎಲ್ಲ ಹಳದಿ ಬಟ್ಟೆ ತಂದಿದ್ದೀಯೇ? ಶಾಲೆಯವರು ಬಣ್ಣ ಬದಲಾಯಿಸಿದ್ರಾ?" ಎಂದರು. ಅಚ್ಚ ಬಿಳಿ ಬಟ್ಟೆ ಪುಟ್ಟಿ. ಏಳಲು ಹೋದವರು ಕುಸಿದು ಕೂತರು. ಟೀಚರಮ್ಮನ ಮನೆಯ ಬಾಗಿಲಿಗೆ ಬೀಗ, ನಿನ್ನಣ್ಣ ಎಲ್ಲೋ ನಾನೂರು ಮೈಲಿ ಆಚೆ. ಪಕ್ಕದ ಬೀದಿಯ ಡಾಕ್ಟರನ್ನು ಓಡಿಹೋಗಿ ಕರೆತಂದೆ. ಅವರು ನಾಡಿ ಹಿಡಿದು ಗಡಿಯಾರ ನೋಡುತ್ತ ಕೂತರು, ಕೂತರು, ಕೂತೇ ಇದ್ದರು. ನಿಮಿಷಕ್ಕೆ ನಲವತ್ತೆರಡು.

"ಏನು ಮಾತ್ರೆ ಕೊಡ್ತಿದ್ದೀರಿ? ತನ್ನಿ," ಎಂದರು. ಹಳೆಯ ಖಾಲಿ ಪಟ್ಟಿಯನ್ನೂ ಹೊಸದನ್ನೂ ತಂದುಕೊಟ್ಟೆ. ಹಳೆಯದರ ಮೇಲೆ ಐವತ್ತು ಮೈಕ್ರೋಗ್ರಾಂ. ಹೊಸದರ ಮೇಲೆ ಸೊನ್ನೆ ಪಾಯಿಂಟ್ ಎರಡು ಮಿಲಿಗ್ರಾಂ.

"ಹೊಸದು ಎಷ್ಟೋ ಕಡಿಮೆ ಅಲ್ವಾ ಡಾಕ್ಟ್ರೇ? ಅಲ್ಲಿ ಐವತ್ತು ಇದೆ, ಇಲ್ಲಿ ಎರಡೂ ಇಲ್ಲ," ಎಂದೆ.

ಅವರಿಗೆ ಸಿಟ್ಟು ಬಂದಿತ್ತು, ಆದರೂ ನನ್ನ ಕೊರಳಲ್ಲಿದ್ದ ಅಳತೆಪಟ್ಟಿ ನೋಡಿ ನಿಧಾನ ಮಾಡಿದರು. "ಐವತ್ತು ಸೆಂಟಿಮೀಟರ್ ಬಟ್ಟೆ ದೊಡ್ಡದೋ, ಎರಡು ಮೀಟರ್ ಬಟ್ಟೆ ದೊಡ್ಡದೋ?"

"ಎರಡು ಮೀಟರ್."

"ಹೆಂಗೆ? ಐವತ್ತು ದೊಡ್ಡ ಸಂಖ್ಯೆ ಅಲ್ವಾ?"

"ಅದು ಸೆಂಟಿಮೀಟರ್, ಇದು ಮೀಟರ್. ಎರಡನ್ನೂ ಒಂದೇ ಅಳತೆಗೆ ತಂದು ನೋಡ್ಬೇಕು. ಎರಡು ಮೀಟರ್ ಅಂದ್ರೆ ಇನ್ನೂರು ಸೆಂಟಿಮೀಟರ್."

"ಹಂಗೇ ಇದೂನೂ. ಇಲ್ಲಿ ಸಾವಿರದ ಲೆಕ್ಕ. ಒಂದು ಮಿಲಿಗ್ರಾಂಗೆ ಸಾವಿರ ಮೈಕ್ರೋಗ್ರಾಂ. ಸೊನ್ನೆ ಪಾಯಿಂಟ್ ಎರಡು ಅಂದ್ರೆ ಇನ್ನೂರು. ಈಗ ಇನ್ನೂರರಲ್ಲಿ ಐವತ್ತು ಎಷ್ಟು ಭಾಗ?"

"ಕಾಲು."

"ಕಾಲು ಕೊಡ್ಬೇಕಾದಲ್ಲಿ ಒಂದು ಕೊಟ್ಟಿದ್ದೀರಿ. ನಾಲ್ಕು ಪಟ್ಟು."

ಹನ್ನೆರಡು ದಿನ ಮಾತ್ರೆ ಪೂರ್ತಿ ನಿಲ್ಲಿಸಿದರು. ದಿನಕ್ಕೆ ನಾಲ್ಕು ಸಲ ನಾಡಿ ಎಣಿಸಲು ನನಗೇ ಕಲಿಸಿದರು. ಎಣಿಸಿ ಬರೆದಿಡಬೇಕು, ಐವತ್ತಕ್ಕಿಂತ ಕೆಳಗಿಳಿದರೆ ಓಡಬೇಕು. ಮೆಷಿನ್ ಒಳಗೆ ತಂದದ್ದು ಅದಕ್ಕೆ. ನೂರಿಪ್ಪತ್ತು ಅಂಗಿಯನ್ನೂ ಬಿಡುವಂತಿರಲಿಲ್ಲ, ಅವರನ್ನೂ ಬಿಡುವಂತಿರಲಿಲ್ಲ. ಕಿಟಕಿಯ ಬೆಳಕು ನನಗೆ ಬಿದ್ದದ್ದು ನಿಜ, ಅದಕ್ಕೆ ಬಾಡಿಗೆ ಬೇಕಾದರೆ ಹೇಳು.

ಜೂನ್ ಇಪ್ಪತ್ತೈದರಿಂದ ಕಾಲು ಮಾತ್ರೆ. ಅದರ ಮೇಲೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಇದೆ. ಹೊಲಿಗೆ ಬಿಚ್ಚುವ ಬ್ಲೇಡಿನಿಂದ ನಾಲ್ಕು ಮಾಡುತ್ತೇನೆ. ಅರೆಕಾಲು ಇಂಚು ತಪ್ಪಿದರೂ ಕಾಲರು ಕೂರುವುದಿಲ್ಲ ಎಂದು ತಿಳಿದ ಕೈ ಇದು.

ಈಗ ನಿನ್ನ ಲೆಕ್ಕ. ನಾಲ್ಕು ದಿನ ಒಂದೊಂದು, ನಾಲ್ಕು. ಹನ್ನೆರಡು ದಿನ ಏನೂ ಇಲ್ಲ. ಇಪ್ಪತ್ತನಾಲ್ಕು ದಿನ ಕಾಲು ಕಾಲು, ಆರು. ಒಟ್ಟು ಹತ್ತು. ನಲವತ್ತರಲ್ಲಿ ಹತ್ತನ್ನು ನೀನು ನಾಲ್ಕರಲ್ಲಿ ಒಂದು ಮಾಡಿದೆ. ಲೆಕ್ಕ ಸರಿ. ಆದರೆ ಆ ಒಂದರ ಒಳಗೆ ಅತ್ತೆ ಸಾಯಲು ಹೊರಟ ನಾಲ್ಕು ದಿನ, ನಾನು ನಾಡಿ ಹಿಡಿದು ಕೂತ ಹನ್ನೆರಡು ದಿನ ಎಲ್ಲಿ ಹೋದವು?

ನನ್ನದೂ ಒಂದು ತಪ್ಪಿದೆ, ಅದನ್ನು ಮುಚ್ಚಿಟ್ಟು ನಿನ್ನೊಬ್ಬಳದೇ ಹೇಳುವುದು ಸರಿಯಲ್ಲ. ನೀನು ತಪ್ಪು ಮಾಡುವವಳಲ್ಲ ಎಂದು ನೀನೇ ಹದಿನಾಲ್ಕು ವರ್ಷ ಹೇಳಿಕೊಂಡು ಬಂದಿದ್ದೀಯ. ನಾನದನ್ನು ನಂಬಿದ್ದೆ. ಹಾಗಾಗಿ ಇದು ತಪ್ಪಲ್ಲ, ಬೇಕಂತಲೇ ಮಾಡಿದ್ದು ಎಂದುಕೊಂಡೆ. ಅತ್ತೆ ಇಲ್ಲಿ ಹಾಸಿಗೆ ಹಿಡಿದರೆ, ನೋಡಿಕೊಳ್ಳಲು ಬರುವುದಿಲ್ಲ ಎಂದು ನನ್ನ ಮೇಲೆ ಹಾಕಿ ಕರೆದುಕೊಂಡು ಹೋಗಬಹುದಲ್ಲ. ನೀನು ಕಳಿಸಿದ್ದರಲ್ಲಿ ಖಾಲಿಯಾದ ಆ ಪಟ್ಟಿಯನ್ನು ನಿನ್ನ ಜೂನ್ ಎರಡರ ಪತ್ರದಲ್ಲಿ ಸುತ್ತಿ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಪೊಲೀಸರಿಗೆ ತೋರಿಸಲು. ಪೊಲೀಸರ ಯೋಚನೆ ಮಾಡಿದವಳು ನೀನೊಬ್ಬಳೇ ಅಲ್ಲ.

ಅತ್ತೆಗೆ ಮಾತ್ರ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಡಾಕ್ಟರು ಹೋದ ಮೇಲೆ ನನ್ನ ಮಣಿಕಟ್ಟು ಹಿಡಿದು, "ಅವಳಿಗೆ ಬರೀಬೇಡ. ಗೊತ್ತಾದ್ರೆ ಆ ಕಿಟಕಿ ಹಿಂದೆ ಮತ್ತೆ ನಿಂತ್ಕೊಳ್ಳೋಕೆ ಅವಳ ಕೈಲಿ ಆಗಲ್ಲ," ಎಂದರು. "ಬೇಕಂತ ಮಾಡಿದ್ರೆ?" ಎಂದೆ ನಾನು. ಅವರು ನನ್ನನ್ನು ನೋಡಿದ ರೀತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಆದರೂ ಅನುಮಾನ ಹೋಗಲಿಲ್ಲ. ನಿನ್ನ ಜುಲೈ ಇಪ್ಪತ್ತೈದರ ಪತ್ರ ಬಂದ ಮೇಲೆ ಹೋಯಿತು. ಬೇಕಂತ ಮಾಡಿದವಳು ಅಷ್ಟು ಧೈರ್ಯವಾಗಿ ಲೆಕ್ಕ ಕೇಳುವುದಿಲ್ಲ.

ಅತ್ತಿಗೆ


ಆಗಸ್ಟ್ ೧೨

ಅತ್ತಿಗೆ,

ಹತ್ತಕ್ಕೆ ಬರಲಿಲ್ಲ. ಅದಕ್ಕೆ ಕಾರಣ ಹೇಳುತ್ತೇನೆ. ಕ್ಷಮೆ ಕೇಳುವ ಮಾತು ಆಮೇಲೆ. ಅದಕ್ಕಿಂತ ಮುಂದೆ ಬರಬೇಕಾದದ್ದು ಬೇರೆ ಇದೆ.

ನಿಮ್ಮ ಪತ್ರ ಐದನೇ ತಾರೀಕು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಬಂತು. ದಾರಿಯಲ್ಲಿ ಓದಿದೆ. "ಇನ್ನೂರರಲ್ಲಿ ಐವತ್ತು" ಎಂಬಲ್ಲಿಗೆ ಬಂದಾಗ ಕಾಲು ನಿಂತಿತು. ನಿಮ್ಮನ್ನು ಕಳ್ಳಿ ಮಾಡಲು ನಾನು ಕಷ್ಟಪಟ್ಟು ತೆಗೆದ ಕಾಲು ಭಾಗವೇ ಅಮ್ಮನಿಗೆ ಸರಿಯಾದ ಪ್ರಮಾಣವಾಗಿತ್ತು. ಎರಡು ತಿಂಗಳು ಆ ಭಾಗಾಕಾರವನ್ನು ಎಲ್ಲಿ ಮಾಡಬೇಕಿತ್ತೋ ಅಲ್ಲಿ ಮಾಡಲಿಲ್ಲ.

ಆದದ್ದು ಇಷ್ಟು. ಮೇ ಕೊನೆಗೆ ಹೊಸ ಕಂಪನಿಯ ಪಟ್ಟಿಗಳು ಬಂದವು. ಔಷಧದ ಹೆಸರು ಒಂದೇ. ಆ ಮಾತ್ರೆ ಇಡುವ ಹಳೆಯ ತಟ್ಟೆ ಖಾಲಿಯಾಗಿತ್ತು, ಹೊಸದನ್ನು ಅದರಲ್ಲೇ ತುಂಬಿದೆ. ತಟ್ಟೆಯ ಮುಂದೆ ನಾನೇ ಎಂದೋ ಅಂಟಿಸಿದ ಚೀಟಿ: ಐವತ್ತು, ದಿನಕ್ಕೆ ಒಂದು. ಆಮೇಲೆ ಓದಿದ್ದು ಚೀಟಿಯನ್ನು. ಪಟ್ಟಿಯನ್ನು ಓದಲಿಲ್ಲ. ನೀವು ಜೂನ್‌ನಲ್ಲಿ "ಓದಿದೆಯಾ?" ಎಂದು ಕೇಳಿದಾಗಲೂ ಎದ್ದು ಹೋಗಿ ಓದಲಿಲ್ಲ. ಸಿಟ್ಟು ಮಾಡಿಕೊಂಡೆ.

ಆ ತಟ್ಟೆಯಿಂದ ಅಮ್ಮನೊಬ್ಬರಿಗೇ ಕೊಟ್ಟದ್ದಲ್ಲ ಅತ್ತಿಗೆ. ನಿಮ್ಮ ಪತ್ರ ಮಡಿಸಿ ಕೈಚೀಲಕ್ಕೆ ಹಾಕಿ, ಕಿಟಕಿ ತೆರೆಯದೆ ದಾಖಲೆ ಪುಸ್ತಕ ತೆಗೆದೆ. ಏಳು ಜನ. ಏಳು ಪೊಟ್ಟಣದ ಮೇಲೂ ನನ್ನದೇ ಅಕ್ಷರ.

ಹಿರಿಯ ಅಧಿಕಾರಿಗೆ ಹೇಳಿದೆ. ಬಾಗಿಲು ಮುಚ್ಚಿ ಬಂದು ಕೂತರು. "ಯಾರೂ ದೂರು ಕೊಟ್ಟಿಲ್ಲ ತಾನೆ? ತಟ್ಟೆ ಬದಲಾಯಿಸು, ಸುಮ್ಮನಿರು. ಹದಿನಾಲ್ಕು ವರ್ಷದ ಹೆಸರು," ಎಂದರು. ಒಂದು ನಿಮಿಷ ನಾನೂ ಸುಮ್ಮನಿರೋಣ ಎಂದೇ ಅಂದುಕೊಂಡೆ. ಆ ಒಂದು ನಿಮಿಷವನ್ನು ನಿಮಗೆ ಹೇಳದೆ ಇರಲಾರೆ. ಆಮೇಲೆ ಬರೆದುಕೊಟ್ಟು, ವಿಳಾಸಗಳನ್ನು ಹಿಡಿದು ಹೊರಟೆ.

ಇಬ್ಬರು ನಾಲ್ಕೈದು ದಿನ ನುಂಗಿ, ಹೊಟ್ಟೆ ತೊಳಸುತ್ತದೆ ಎಂದು ತಾವೇ ಬಿಟ್ಟಿದ್ದರು. ಔಷಧ ಬಿಡುವವರನ್ನು ಬೈದು ಬೈದು ಬದುಕಿದವಳು, ಅವತ್ತು ಅವರ ಕೈ ಹಿಡಿದುಕೊಂಡೆ. ಮೂವರ ಮಾತ್ರೆಯನ್ನು ಅವರವರ ಡಾಕ್ಟರು ನಿಲ್ಲಿಸಿದ್ದರು. ಆರನೆಯವರು ಗಡಿಯಾರ ರಿಪೇರಿ ಮಾಡುವ ಮುದುಕರು. ಎರಡು ದಿನಕ್ಕೊಂದು ನುಂಗುತ್ತಲೇ ಇದ್ದರು. ಅಂಗಡಿಯ ಒಳಗೆ ಚಾಪೆಯ ಮೇಲೆ ಮಲಗಿದ್ದರು. "ಒಂದು ತಿಂಗಳಿಂದ ಗಡಿಯಾರದ ಬಿಳಿ ಮುಖವೆಲ್ಲ ಹಳದಿ ಕಾಣುತ್ತಮ್ಮ, ಕಣ್ಣು ಹೋಯ್ತು ಅಂತ ಕೆಲಸ ಬಿಟ್ಟೆ," ಎಂದರು. ನಿಮ್ಮ ಬಿಳಿ ಅಂಗಿಯ ಮಾತು ಓದಿರದಿದ್ದರೆ ನನಗೂ ಹೊಳೆಯುತ್ತಿರಲಿಲ್ಲವೇನೋ. ಆಟೋದಲ್ಲಿ ಕೂರಿಸಿಕೊಂಡು ವಾರ್ಡಿಗೆ ತಂದೆ. ನಿನ್ನೆ ನಾಡಿ ಐವತ್ತೆಂಟಕ್ಕೆ ಏರಿದೆ.

ಏಳನೆಯವರು ಒಬ್ಬ ಅಮ್ಮ. ಜುಲೈ ಹನ್ನೊಂದಕ್ಕೆ ತೀರಿಕೊಂಡಿದ್ದಾರೆ. ಮಗನಿಗೆ ಸೈಕಲ್ ಅಂಗಡಿ. ಚಕ್ರಕ್ಕೆ ಕಡ್ಡಿ ಹಾಕುತ್ತ ಕೂತಿದ್ದವನಿಗೆ ನಿಂತುಕೊಂಡೇ ಎಲ್ಲ ಹೇಳಿದೆ. ಎಂಬತ್ತೊಂದು ವರ್ಷ, ಎದೆ ಮೊದಲೇ ದುರ್ಬಲ, ಮಾತ್ರೆಯಿಂದಲೇ ಎಂದು ಹೇಳಲು ಬರುವುದಿಲ್ಲ, ಅಲ್ಲ ಎನ್ನಲೂ ಬರುವುದಿಲ್ಲ. ಅವನು ಚಕ್ರವನ್ನು ಕೆಳಗಿಟ್ಟ.

"ನೀವು ಬಂದು ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಮತ್ತೆ ಯಾಕೆ ಬಂದ್ರಿ?"

ಅವನು ಅಂಗಡಿಯ ಬಾಗಿಲು ಎಳೆದುಕೊಂಡ. ದೂರು ಕೊಡುತ್ತಾನೋ ಇಲ್ಲವೋ ತಿಳಿಯದು. ಕೊಟ್ಟರೆ ಅವನ ಪರವಾಗಿ ನಾನೇ ಸಾಕ್ಷಿ.

ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ನಿಲ್ಲಿಸಿದ್ದಾರೆ. ಬೀಗದ ಕೈ ಕೊಟ್ಟು ಬಂದೆ.

ಟೀಚರಮ್ಮ ಬೇರೆ ಏನೂ ಬರೆಯಲು ಹೋಗಿರಲಿಲ್ಲ. ಮನೆಯ ಮೇಲೆ ಕಣ್ಣಿಡಿ ಎಂದು ನಾನೇ ಬೇಡಿಕೊಂಡಿದ್ದೆ, ಎರಡು ವರ್ಷದಿಂದ. ಅಮ್ಮ ಚೆನ್ನಾಗಿದ್ದಾರೆ ಎಂದು ಅವರು ಬರೆದ ಸಾಲುಗಳನ್ನು ಓದಿ ಮರೆಯುತ್ತಿದ್ದೆ. ಬೇರೆ ಸಾಲುಗಳನ್ನು ಇಟ್ಟುಕೊಳ್ಳುತ್ತಿದ್ದೆ. ಡ್ರಾಯರಿನಲ್ಲಿರುವ ಪಟ್ಟಿಯನ್ನೂ ನನ್ನ ಪತ್ರವನ್ನೂ ದಯವಿಟ್ಟು ಇಲ್ಲಿಯ ವಿಚಾರಣೆಗೆ ಕಳಿಸಿಕೊಡಿ. ಅದು ಬೇಕಾಗುತ್ತದೆ.

ಅಣ್ಣನಿಗೂ ಬರೆದಿದ್ದೇನೆ. ಅವನು ಮಂಚದ ಮೇಲೆ ಪಟ್ಟಿ ಹರಡಿ ಎಣಿಸಿದ್ದನ್ನು ನಾನು ಹೇಗೆ ವಾಪಸು ತೆಗೆದುಕೊಳ್ಳಲಿ ಅತ್ತಿಗೆ?

ತಕ್ಕಡಿ ಎಂದು ಸಹಿ ಹಾಕಲು ನಾಚಿಕೆಯಾಗುತ್ತದೆ.
ಪುಟ್ಟಿ


ಆಗಸ್ಟ್ ೨೦

ಪುಟ್ಟಿ,

ಪಟ್ಟಿಯನ್ನೂ ಪತ್ರವನ್ನೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಜೊತೆಗೆ ಡಾಕ್ಟರ ಹತ್ತಿರ ಒಂದು ಹಾಳೆ ಬರೆಸಿದ್ದೇನೆ. ಯಾರು ಕೊಟ್ಟದ್ದು ಎಂದು ಅವರು ಜೂನಿನಲ್ಲೇ ಕೇಳಿದ್ದರು, ನಾನು ಹೇಳಿರಲಿಲ್ಲ. ಈಗ ಹೇಳಿದೆ. "ಏಳು ಮನೆಗೂ ಹೋದಳಾ?" ಎಂದು ಎರಡು ಸಲ ಕೇಳಿ, ಅದನ್ನೂ ಹಾಳೆಯಲ್ಲಿ ಸೇರಿಸಿದರು.

ಅತ್ತೆಗೆ ನಿನ್ನ ಪತ್ರ ಓದಿ ಹೇಳಿದೆ. ಏಳನೆಯವರ ಮಾತು ಬಿಟ್ಟು ಓದೋಣ ಎಂದುಕೊಂಡಿದ್ದೆ. ನನ್ನ ದನಿ ತಡವರಿಸಿದ ಕೂಡಲೇ, "ಏನನ್ನೋ ಹಾರಿಸ್ತಿದ್ದೀಯ, ಓದು," ಎಂದರು. ಓದಿದೆ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಮಧ್ಯಾಹ್ನ ಎದ್ದು, "ನಾನು ಬರೀಬೇಡ ಅಂದಿದ್ದೇ ತಪ್ಪಾಯ್ತು. ಜೂನ್‌ನಲ್ಲೇ ಬರೆದಿದ್ರೆ ಆಯಮ್ಮ ಇರ್ತಿದ್ರೋ ಏನೋ," ಎಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ನೀನೊಬ್ಬಳೇ ಹೊತ್ತುಕೊಂಡು ಕೂರಬೇಡ ಎಂದು ಹೇಳಲು ಇದನ್ನು ಬರೆದದ್ದಲ್ಲ. ನಿಜ ಅದಾದ್ದರಿಂದ ಬರೆದೆ. ನಾನು ಮಾತು ಉಳಿಸಿಕೊಂಡದ್ದಕ್ಕೆ, ನಿನ್ನ ಮೇಲೆ ಅನುಮಾನ ಇಟ್ಟುಕೊಂಡು ಬಾಯಿ ಕಟ್ಟಿಕೊಂಡದ್ದಕ್ಕೆ, ಬೇರೆ ಯಾರೋ ಬೆಲೆ ಕೊಟ್ಟಿರಬಹುದು.

ನಿನ್ನಣ್ಣ ಎರಡು ದಿನದಿಂದ ಮನೆಯಲ್ಲಿದ್ದಾರೆ. ಕೇಳದೆ ನೀರು ತುಂಬುತ್ತಾರೆ, ಕೇಳದೆ ಮೆಷಿನ್ನಿಗೆ ಎಣ್ಣೆ ಹಾಕುತ್ತಾರೆ. ನಿನ್ನೆ ಎಣ್ಣೆ ಹೆಚ್ಚಾಗಿ ಒಂದು ಅಂಗಿಗೆ ಕಲೆ ಮಾಡಿದರು. "ಬೈಯೇ, ಒಂದು ಸಲ ಬೈದುಬಿಡು," ಎಂದರು. ಬೈಯಲಿಲ್ಲ, ಅಷ್ಟು ಸುಲಭವಾಗಿ ಮುಗಿಸುವ ಮನಸ್ಸಿಲ್ಲ. ಅವರು ಎಣಿಸಿದ್ದನ್ನು ನೀನು ವಾಪಸು ತೆಗೆದುಕೊಳ್ಳಲಾರೆ. ಅದು ನನಗೂ ಅವರಿಗೂ ಬಿಟ್ಟದ್ದು.

ನಿನ್ನ ಮೇಲಿನ ಸಿಟ್ಟಿನ ಲೆಕ್ಕ ಕೇಳಿದರೆ, ಎಷ್ಟು ಭಾಗ ಇಳಿದಿದೆ ಎಂದು ಹೇಳಲು ನನಗೆ ಬರುವುದಿಲ್ಲ. ಸ್ವಲ್ಪ ಇಳಿದಿದೆ. ಸ್ವಲ್ಪ ಎಂದರೆ ನಿನಗೆ ಏನೂ ತಿಳಿಯುವುದಿಲ್ಲ ಎಂದು ಗೊತ್ತು.

ಆ ಸೈಕಲ್ ಅಂಗಡಿಗೆ ಇನ್ನೊಮ್ಮೆ ಹೋಗು. ಬಾಗಿಲು ತೆರೆಯದಿದ್ದರೆ ಹೊರಗೆ ನಿಂತಿದ್ದು ಬಾ. ಅವನು ಕೇಳಿದ್ದಕ್ಕೆ ಉತ್ತರ ಸಿಕ್ಕ ಮೇಲೆ ಹೋಗುತ್ತೇನೆ ಎಂದು ಕೂರಬೇಡ.

ಆಮೇಲೆ ಇಲ್ಲಿಗೆ ಬಾ. ವಿಚಾರಣೆಗೆ ಕರೆಯುವವರೆಗೆ ಒಬ್ಬಳೇ ಆ ಮನೆಯಲ್ಲಿ ಏನು ಮಾಡುತ್ತೀಯ? ಅತ್ತೆಯ ಕೋಣೆಯಲ್ಲಿ ಮೆಷಿನ್ ಪಕ್ಕ ಜಾಗ ಮಾಡಿದ್ದೇನೆ. ಬಟ್ಟೆ ಕಟ್ಟಿಕೊಂಡು ಅತ್ತೆಯನ್ನು ಕರೆದೊಯ್ಯಲು ಅಲ್ಲ, ಇರಲು ಬಾ. ಏನು ತರಲಿ ಎಂದು ಕೇಳಬೇಡ. ಮಾತ್ರೆಯಂತೂ ತರಬೇಡ, ಇಲ್ಲಿಯ ಅಂಗಡಿಯವನಿಗೆ ಹೇಳಿ ಐವತ್ತರದ್ದನ್ನೇ ತರಿಸಿದ್ದೇನೆ. ತಂದೇ ತರುತ್ತೇನೆ ಎಂದರೆ ತಾ. ಪಟ್ಟಿಯ ಮೇಲಿನದನ್ನು ಮೊದಲು ನೀನು ಗಟ್ಟಿಯಾಗಿ ಓದಬೇಕು, ಆಮೇಲೆ ನಿನ್ನೆದುರಿಗೇ ನಾನೂ ಓದುತ್ತೇನೆ. ಬೇಜಾರು ಮಾಡಿಕೊಳ್ಳುವ ಹಾಗಿಲ್ಲ.

ಅತ್ತಿಗೆ